ಮೂಕನಾಗಿ ಕಳೆದ ಚಳಿಗಾಲ

ನಮ್ಮದು ಗಂಟಲಿನ ಮೇಲೆ ನಡೆಯುವ ಜಂಗಮರ ಮನೆತನ. ಮಹಾರಾಷ್ಟ್ರದ ಗಡಿಯ ಯೆಣೆಗೂರಿನಲ್ಲಿ ಮನೆ, ದಾಳಿಂಬ, ಉಮರ್ಗಾ, ಆಚೆ ನಿಲಂಗಾದವರೆಗೂ ಭಕ್ತರು. ಲಗ್ನ, ವಾಸ್ತುಶಾಂತಿ, ಕೂಸಿಗೆ ಲಿಂಗ ಕಟ್ಟುವುದು, ಸತ್ತವರನ್ನು ಮಣ್ಣಿಗೆ ಕೊಡುವುದು, ಎಲ್ಲದಕ್ಕೂ ಅಯ್ಯನವರು ಬೇಕು. ಅಯ್ಯನವರೆಂದರೆ ಮಂತ್ರ, ಮಂತ್ರವೆಂದರೆ ದನಿ. ನಾನು ಸಾಲಿ ಕಲಿತದ್ದು ಮರಾಠಿಯಲ್ಲಿ. ಕನ್ನಡ ಬಂದದ್ದು ಮನೆಯಿಂದ, ಮಠದಿಂದ. ಎರಡರಲ್ಲೂ ನನಗೆ ಮಾತು ಎಂದೂ ಕಡಿಮೆ ಬಿದ್ದಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ದನಿ ಒಡೆಯಿತು. ಲಾತೂರಿನ ಡಾಕ್ಟರರು ಗಂಟಲೊಳಗೆ ಗಂಟು ಇದೆ ಎಂದು ತೆಗೆದರು, ಕೆಲವು ವಾರ ಬಾಯಿ ಮುಚ್ಚಿಕೊಂಡಿರಲು ಹೇಳಿದರು. ನನ್ನಿಂದ ಆಗಲಿಲ್ಲ. ಒಂದು ಮನೆಯವರು ಬಂದು ಬಾಗಿಲಲ್ಲಿ ನಿಂತು, "ಅಯ್ಯನೋರ, ಮುತ್ಯಾ ತೀರ್ಕೊಂಡಾನ್ರೀ, ಎರಡೇ ಎರಡು ಮಂತ್ರಾ ಅಂದು ಹೋಗ್ರಿ" ಎಂದರೆ ಇಲ್ಲವೆನ್ನುವುದು ಹೇಗೆ? ಹೋದೆ. ದೀಪಾವಳಿಯ ಹೊತ್ತಿಗೆ ಮತ್ತೆ ಗಂಟಲು ಕೆಟ್ಟಿತು, ಮತ್ತೆ ಆಪರೇಶನ್ ಆಯಿತು. ಈ ಸಲ ಡಾಕ್ಟರರು ಸಿಟ್ಟಿನಿಂದಲೇ ಹೇಳಿದರು: "ಇನ್ನೊಂದು ಸಲ ಹಿಂಗ ಮಾಡಿದ್ರ ದನಿ ಹೋದಂಗ. ನನ್ನ ಕಡೆ ಬರಬ್ಯಾಡ್ರಿ."

ಆಗ ಇಟಲಿಯಿಂದ ತಂಗಿ ಫೋನು ಮಾಡಿದಳು. ಆಕೆ ಉದಗೀರದಲ್ಲಿ ನರ್ಸಿಂಗ್ ಕಲಿತು, ಕೇರಳದ ಗೆಳತಿಯರ ಬೆನ್ನು ಹತ್ತಿ ಆ ದೇಶಕ್ಕೆ ಹೋದವಳು. ಕಡಲ ದಂಡೆಯ ಒಂದು ಸಣ್ಣ ಊರಲ್ಲಿ ಒಬ್ಬ ಮುದುಕಿಯ ಮನೆಯಲ್ಲೇ ಇದ್ದು ಆಕೆಯ ಆರೈಕೆ ಮಾಡುತ್ತಿದ್ದಳು. "ಅಣ್ಣಾ, ನೀ ಊರಾಗ ಇದ್ರ ಸುಮ್ಮ ಕೂಡೋ ಮನಷ್ಯಾ ಅಲ್ಲ. ಇಲ್ಲಿಗಿ ಬಾ. ಇಲ್ಲಿ ನಿನ್ನ ಮಾತು ಯಾರಿಗಿ ಬಿ ತಿಳೀಯಂಗಿಲ್ಲ, ಯಾರ್ ಬಿ ಮಂತ್ರಕ್ಕ ಕರೀಯಂಗಿಲ್ಲ" ಎಂದಳು. ಮನೆಯ ಒಡತಿಯಾದ ಆ ಮುದುಕಿಗೆ, ಅಣ್ಣ ಬಂದು ಇರುತ್ತಾನೆ ಎಂದಷ್ಟೇ ಹೇಳಿ ಒಪ್ಪಿಸಿದ್ದಳು. ಪಾಸ್‌ಪೋರ್ಟನ್ನು ಆಕೆ ಹಿಂದೆಯೇ ಹಟ ಹಿಡಿದು ಮಾಡಿಸಿದ್ದಳು. ಭಕ್ತರ ಮನೆಗಳನ್ನು ನನ್ನ ದೊಡ್ಡಪ್ಪನ ಮಗ ನೋಡಿಕೊಳ್ಳುತ್ತೇನೆಂದ. ಹೆಂಡತಿ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮೂರು ತಿಂಗಳ ವೀಸಾದ ಮೇಲೆ ನಾನು ಹೊರಟೆ.

ಆ ಊರು ಗುಡ್ಡದಿಂದ ಕಡಲಿಗೆ ಇಳಿಜಾರಾಗಿ ಇತ್ತು. ಬೇಸಿಗೆಯಲ್ಲಿ ಹೊರಗಿನ ಮಂದಿ ತುಂಬುತ್ತಾರಂತೆ. ಚಳಿಗಾಲದಲ್ಲಿ ಅರ್ಧ ಮನೆಗಳ ಕಿಟಕಿ ಮುಚ್ಚಿದ್ದವು. ದೋಣಿಗಳನ್ನು ಗುಂಡುಕಲ್ಲಿನ ದಂಡೆಯ ಮೇಲೆ ಎಳೆದು ಮಗ್ಗಲು ಮಲಗಿಸಿದ್ದರು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎರಡು ಕಡೆಯ ಗೋಡೆಗೂ ಕೈ ತಾಗುತ್ತಿತ್ತು. ಮೀನಿನ ವಾಸನೆ ಮೊದಮೊದಲು ಮೂಗು ಮುಚ್ಚಿಸಿತು, ಆಮೇಲೆ ತಿಳಿಯದೇ ಹೋಯಿತು. ತಿನ್ನಲು ನನಗೆ ತೊಂದರೆಯಾಗಲಿಲ್ಲ. ರೊಟ್ಟಿ, ಅವರೆಯಂಥ ಕಾಳು, ಮತ್ತೆ ಕಡಲೆಹಿಟ್ಟನ್ನು ಎಣ್ಣೆಯಲ್ಲಿ ಬೇಯಿಸಿದ ಒಂದು ದಪ್ಪ ದೋಸೆ. ಅದನ್ನು ತಿಂದ ದಿನ ತಂಗಿಯ ಮುಖ ನೋಡಿ ನಕ್ಕೆ. ನಮ್ಮ ಝುಣಕಾ ಕಡಲು ದಾಟಿ ಬಂದು ಕೂತಿತ್ತು.

ಮನೆಯ ಮುದುಕಿಯನ್ನು ನಾನು ಮನಸ್ಸಿನಲ್ಲೇ ಆಯಿ ಎಂದು ಕರೆದೆ. ಎಂಬತ್ತು ದಾಟಿದ ಜೀವ. ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕು. ಗಂಡ ಮೀನುಗಾರನಾಗಿದ್ದನಂತೆ. ಮಗಳು ದೂರದ ಪಟ್ಟಣದಲ್ಲಿ ಇದ್ದು ತಿಂಗಳಿಗೊಮ್ಮೆ ಬರುತ್ತಿದ್ದಳು.

ಬಂದ ಮರುದಿನ ತಂಗಿ ನನ್ನನ್ನು ರೊಟ್ಟಿ ಅಂಗಡಿಗೆ ಕರೆದೊಯ್ದಳು. ಅಂಗಡಿಯ ಹೆಂಗಸು ನನಗೆ ನಮಸ್ಕಾರ ಹೇಳಿ ಏನೋ ಕೇಳಿದಳು. ನಾನು ಗಂಟಲು ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದೆ. ತಂಗಿ, ಅಣ್ಣನಿಗೆ ಮಾತಾಡಲು ಆಗುವುದಿಲ್ಲ ಎಂದಳು. ಆ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡು "ಮೂತೊ" ಎಂದಳು. ಮೂತೊ ಎಂದರೆ ಮೂಕ. ಅದಕ್ಕೆ ನನಗೆ ತರ್ಜುಮೆ ಬೇಕಾಗಲಿಲ್ಲ. ಆಕೆ ಹೆಚ್ಚಿಗೆ ಒಂದು ರೊಟ್ಟಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಮುಂಗೈ ತಟ್ಟಿದಳು.

ಹೊರಗೆ ಬಂದ ಮೇಲೆ ತಂಗಿ ನಕ್ಕಳು. "ನಿನಗ ಹುಟ್ಟು ಮೂಕಾ ಅಂತ ತಿಳ್ಕೊಂಡಾಳ. ನಾಳಿಗಿ ಹೇಳ್ತೀನಿ ತಗೋ." ಮರುದಿನ ಆಕೆ ಮರೆತಳು. ನಾನು ನೆನಪಿಸಲಿಲ್ಲ.

ಹಾಗೆ ಇಡೀ ಊರಿಗೆ, ಮನೆಯ ಆಯಿಗೂ, ನಾನು ಮೂಕನಾದೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಮನಸ್ಸಿನಲ್ಲೇ ಮಂತ್ರ ಹೇಳಿ ಪೂಜೆ ಮುಗಿಸುತ್ತಿದ್ದೆ. ಆಮೇಲೆ ಧೋತರದ ಮೇಲೆ ತಂಗಿ ಕೊಟ್ಟ ಉಣ್ಣೆಯ ಕೋಟು ತೊಟ್ಟು ಕೆಳಗೆ ಇಳಿಯುತ್ತಿದ್ದೆ. ದೋಣಿ ನಿಲ್ಲುವ ಧಕ್ಕೆಯ ಹತ್ತಿರದ ಚಹಾದಂಗಡಿಯಲ್ಲಿ ಮುದುಕರು ಇಸ್ಪೀಟು ಆಡುತ್ತಿದ್ದರು. ನನಗೊಂದು ಕುರ್ಚಿ ಸರಿಸುತ್ತಿದ್ದರು. ನಾನು ದಾರು ಮುಟ್ಟುವುದಿಲ್ಲವೆಂದು ಗೊತ್ತಾದ ಮೇಲೆ ಕೇಳದೆಯೇ ನಿಂಬೆಹಣ್ಣಿನ ಬಿಸಿನೀರು ಬರುತ್ತಿತ್ತು. ಯಾರೂ ಕಾಲಿಗೆ ಬೀಳುತ್ತಿರಲಿಲ್ಲ, ಯಾರೂ ಮುಹೂರ್ತ ಕೇಳುತ್ತಿರಲಿಲ್ಲ. ಕಡಲು ಬರುತ್ತಿತ್ತು, ಹೋಗುತ್ತಿತ್ತು. ಇಂಥ ಆರಾಮು ನನ್ನ ಜಿಂದಗಿಯಲ್ಲಿ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಊರೆಲ್ಲ ನನ್ನ ಮೇಲೆ ಕನಿಕರಪಟ್ಟು ಸುಮ್ಮನಿದ್ದರೆ, ಆಯಿ ಸುಮ್ಮನೆ ಇರಲಿಲ್ಲ. ಮಧ್ಯಾಹ್ನ ತಂಗಿ ಬಟ್ಟೆ ಒಗೆಯುವ ಹೊತ್ತಿಗೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಮಾತು ಕಲಿಸಲು ಶುರು ಮಾಡಿದಳು. ಮೇಜಿನ ಮೇಲೆ ರೊಟ್ಟಿ ಇಟ್ಟು, ನನ್ನ ಬೆರಳುಗಳನ್ನು ತನ್ನ ಗಂಟಲ ಮೇಲೆ ಒತ್ತಿಕೊಂಡು "ಪಾ... ನೆ" ಎನ್ನುವಳು. ಪಾನೆ ಎಂದರೆ ರೊಟ್ಟಿ. ಆಕೆಯ ತೊಗಲಿನ ಕೆಳಗೆ ದನಿ ನಡುಗುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ನನ್ನ ಗಂಟಲ ಮೇಲೆ ತನ್ನ ಬೆರಳು ಇಟ್ಟು ಕಾಯುವಳು. ನಾನು ತುಟಿ ಅಲ್ಲಾಡಿಸಿ, ಆಗದು ಎಂಬಂತೆ ತಲೆ ಆಡಿಸುತ್ತಿದ್ದೆ. ಆಕೆ ಬೇಸರಪಡದೆ ಮತ್ತೆ ಮೊದಲಿನಿಂದ ಹೇಳುವಳು. ನನ್ನ ತುಟಿ ತಪ್ಪಿದರೆ ನಗುವಳು, ಕೆನ್ನೆ ತಟ್ಟುವಳು.

ಇದು ನಡೆಯುತ್ತಿದ್ದಾಗಲೇ ನನ್ನ ಗಂಟಲು ವಾಸಿಯಾಗಿತ್ತು. ಲಾತೂರಿನ ಡಾಕ್ಟರರು ಫೋನಿನಲ್ಲಿ, "ಇನ್ನ ಹಗೂರಕ ಮಾತಾಡ್ಲಿಕ್ಕಿ ಹತ್ರಿ, ಒದರಬ್ಯಾಡ್ರಿ ಇಷ್ಟೇ" ಎಂದಿದ್ದರು. ಒಂದು ದಿನ ಕಡಲೊಳಗೆ ಚಾಚಿದ ಕಲ್ಲಿನ ಕಟ್ಟೆಯ ತುದಿಗೆ ಹೋಗಿ, ನೀರಿನ ಕಡೆ ಮುಖ ಮಾಡಿ, ಪಂಚಾಕ್ಷರಿ ಹೇಳಿ ನೋಡಿದೆ. ದನಿ ಬಂತು. ಸ್ವಲ್ಪ ದಪ್ಪಗಾಗಿತ್ತು, ಆದರೆ ನನ್ನದೇ. ಕಣ್ಣಲ್ಲಿ ನೀರು ಬಂತು. ಅಲ್ಲಿಂದ ತಿರುಗಿ ಬರುವಾಗ ರೊಟ್ಟಿ ಅಂಗಡಿಯ ಹೆಂಗಸು ಎದುರಾಗಿ ಕೈ ಎತ್ತಿದಳು. ನಾನು ಕೈ ಎತ್ತಿದೆ, ಬಾಯಿ ಬಿಡಲಿಲ್ಲ.

ಮನೆಯೊಳಗೆ, ಆಯಿಗೆ ಕೇಳದಂತೆ, ತಂಗಿಯ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆ. ಆಕೆ ಎರಡು ಸಲ ಕೇಳಿದಳು: "ಆಯಿಗರ ಹೇಳೋಣು ಅಣ್ಣಾ. ಪಾಪ, ದಿನಾ ಹೈರಾಣಾಗ್ತಾಳ."

"ಹೇಳೋಣು, ಹೇಳೋಣು" ಎಂದು ನಾನು ಮುಂದೂಡಿದೆ. ಮೊದಲ ವಾರದಲ್ಲಿ ಹೇಳಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ದಿನ ಕಳೆದಂತೆ ಅದು ನಗುವ ಮಾತಾಗಿ ಉಳಿಯಲಿಲ್ಲ. ಆಕೆಯ ಬೆರಳು ಗಂಟಲ ಮೇಲೆ ಇರುವಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತಿತ್ತು. ಆಕೆ ಅದನ್ನು ಪ್ರಯತ್ನದ ಬಿಸಿ ಎಂದು ತಿಳಿದು ಇನ್ನಷ್ಟು ಹುರುಪಾಗುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಔಷಧ ತರಲು ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗಿದ್ದಳು. ಬೆಳಿಗ್ಗೆ ಮಳೆ ಬಂದು ನಿಂತು ಬಿಸಿಲು ಬಿದ್ದಿತ್ತು. ಆಯಿ ಕಿಟಕಿಯಿಂದ ಕಡಲು ತೋರಿಸಿ, ಇಳಿದು ಹೋಗೋಣ ಎಂದು ಸನ್ನೆ ಮಾಡಿದಳು. ಮನೆಯ ಹಿಂದಿನಿಂದ ದಂಡೆಗೆ ಕಲ್ಲಿನ ಮೆಟ್ಟಿಲುಗಳಿದ್ದವು. ನಡುವೆ ಗೋಡೆಯ ಗೂಡಿನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಸಣ್ಣ ಮೂರ್ತಿ. ಆಯಿಯ ತೋಳು ಹಿಡಿದು ಇಳಿಸುತ್ತಿದ್ದೆ. ಗೂಡಿನ ಹತ್ತಿರ ಗಾಳಿ ಬೀಸಿ ನನ್ನ ಧೋತರ ಬಿಚ್ಚಿಕೊಂಡಂತಾಯಿತು. ಅದನ್ನು ಸರಿಪಡಿಸಲು ಕೈ ಬಿಟ್ಟೆ. ಆಕೆ ಹಸಿರು ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಮೈ ಕೆಳಗೆ ಸಿಕ್ಕಿತ್ತು. ಆಕೆಯ ಬಾಯಿಯಿಂದ ಒಂದು ಸಣ್ಣ ದನಿ ಮಾತ್ರ ಬಂತು.

ಚಹಾದಂಗಡಿ ಕೆಳಗೆ ಗೋಡೆಯ ಆಚೆಯೇ ಇತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಬಾಯಿ ತೆರೆದೆ, ಮುಚ್ಚಿದೆ. ಒದರಬೇಡ ಎಂದ ಡಾಕ್ಟರರ ಮಾತು ನೆನಪಾಯಿತು. ದನಿ ಮತ್ತೆ ಹೋದರೆ ಮುಂದೇನು ಎಂದುಕೊಂಡೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಈಗ ಕೂಗಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆಕೆ ಕಲ್ಲಿನ ಮೇಲೆ ಬಿದ್ದಿರುವಾಗ ನಾನು ಇದನ್ನು ಯೋಚಿಸಿದೆ. ಕೂಗುವ ಬದಲು ಚಪ್ಪಾಳೆ ತಟ್ಟಿದೆ. ಕೋಟು ಬಿಚ್ಚಿ ಬೀಸಿದೆ. ಕಡಲಿನ ಸದ್ದಿನಲ್ಲಿ ನನ್ನ ಚಪ್ಪಾಳೆ ಯಾರಿಗೆ ಕೇಳೀತು? ಆಯಿ ನನ್ನನ್ನೇ ನೋಡುತ್ತಿದ್ದಳು. ಆಕೆಯ ತುಟಿ ಬಿಳಿಚಿಕೊಂಡಿದ್ದನ್ನು ಕಂಡಾಗ ನನ್ನ ಹೊಟ್ಟೆಯೊಳಗಿಂದ ಕೂಗು ತಾನೇ ಎದ್ದು ಬಂತು.

"ಯಪ್ಪಾ! ಬರ್ರೀ! ಯಾರರ ಬರ್ರೀ! ಆಯಿ ಬಿದ್ದಾಳ್ರೀ!"

ಇಸ್ಪೀಟು ಬಿಟ್ಟು ಮುದುಕರು ಓಡಿಬಂದರು. ರೊಟ್ಟಿ ಅಂಗಡಿಯ ಹೆಂಗಸು ಹಿಟ್ಟಿನ ಕೈಯಲ್ಲೇ ಬಂದಳು. ಎಲ್ಲರೂ ಆಯಿಯನ್ನು ನೋಡಿದರು, ಆಮೇಲೆ ನನ್ನನ್ನು. ಆ ಹೆಂಗಸು ಗೂಡಿನ ಮರಿಯಮ್ಮನನ್ನು ನೋಡಿ, ಹಣೆ ಎದೆ ಮುಟ್ಟಿಕೊಂಡು "ಪಾರ್ಲಾ! ಪಾರ್ಲಾ!" ಎಂದು ಕೂಗಿದಳು. ಮಾತಾಡುತ್ತಾನೆ, ಮಾತಾಡುತ್ತಾನೆ ಎಂದು. ಮತ್ತೆ ಆಯಿ! ಮುರಿದ ಕೈ ಎದೆಗೆ ಒತ್ತಿಕೊಂಡಿದ್ದ ಆಯಿ, ಆ ನೋವಿನೊಳಗೂ ನನ್ನ ಗಂಟಲು ತೋರಿಸಿ ನಕ್ಕಳು. ಎಲ್ಲರಿಗೂ ಏನೋ ಹೇಳಿದಳು. ಏನೆಂದು ತಂಗಿ ಆಮೇಲೆ ತಿಳಿಸಿದಳು: "ನಾನೇ ಕಲಿಸಿದ್ದು."

ಅಂದೇ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಆಯಿ ಮನೆಗೆ ಬಂದಳು. ಮರುದಿನ ಗೂಡಿನ ಮುಂದೆ ಮೇಣದಬತ್ತಿಗಳು, ನಿಂಬೆಯ ಟೊಂಗೆಗಳು. ದಾರಿಯಲ್ಲಿ ಗುರುತಿಲ್ಲದವರು ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. ಆಯಿಯ ಮಾತು ಬೇರೆ, ಊರಿನ ಮಾತು ಬೇರೆ. ಆಯಿ ಪಾಠದ ಫಲ ಎಂದಳು, ಊರು ಮರಿಯಮ್ಮನ ಪವಾಡ ಎಂದಿತು. ಇಬ್ಬರೂ ನನ್ನನ್ನು ಮುಂದೆ ನಿಲ್ಲಿಸಿಕೊಂಡು ಪ್ರೀತಿಯಿಂದಲೇ ಜಗಳಾಡಿದರು. ನಾನು ಪವಾಡಗಳ ನಡುವೆಯೇ ಬೆಳೆದವನು. ನಮ್ಮ ಕಡೆ ಒಂದು ಪವಾಡ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂದು ಬಲ್ಲೆ. ಆದರೆ ಅದರ ನಡುವೆ ಕಳ್ಳನ ಹಾಗೆ ನಿಂತದ್ದು ಅದೇ ಮೊದಲು. ತಲೆ ತಗ್ಗಿಸಿದರೆ, ಎಂಥ ವಿನಯ ಎನ್ನುತ್ತಿದ್ದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಗುಡ್ಡದ ಆಚೆಯ ಊರಿನವರು. ಏಳೆಂಟು ವರ್ಷದ ಹುಡುಗಿ, ಜಡೆಗೆ ಹಳದಿ ರಿಬ್ಬನ್ನು. ಹುಟ್ಟಿದಾಗಿನಿಂದ ಮಾತಿಲ್ಲ. ತಾಯಿ ಒಂದು ತಟ್ಟೆ ಸಿಹಿ ತಿಂಡಿಯನ್ನು ಮೇಜಿನ ಮೇಲೆ ಇಟ್ಟು, ತಂಗಿಯ ಕಡೆ ನೋಡುತ್ತ ಮೆಲ್ಲಗೆ ಮಾತಾಡಿದಳು.

"ಏನಂತಾಳ?" ಎಂದೆ.

ತಂಗಿ ನನ್ನ ಕಣ್ಣು ತಪ್ಪಿಸಿದಳು. "ಕೂಸಿನ ತಲಿ ಮ್ಯಾಲ ಒಮ್ಮಿ ಕೈ ಇಡು ಅಂತಾಳ, ಅಣ್ಣಾ."

ಹುಡುಗಿ ಅಷ್ಟರಲ್ಲಿ ನನ್ನ ಹತ್ತಿರ ಬಂದು ಕೊರಳ ರುದ್ರಾಕ್ಷಿ ಹಿಡಿದು ಒಂದೊಂದೇ ಮಣಿ ತಿರುಗಿಸುತ್ತಿದ್ದಳು. ತಂಗಿ ಮೆಲ್ಲಗೆ ಹೇಳಿದಳು: "ಇಟ್ಟುಬಿಡು. ನಿಂದೇನು ಹೋಗ್ತದ? ಊರಾಗ ದಿನಾ ಇಡ್ತೀ. ಆಕೀಗಿ ಸಮಾಧಾನ ಆಗ್ತದ."

ಖರೆ, ಊರಲ್ಲಿ ಎಷ್ಟು ತಲೆಗಳ ಮೇಲೆ ಕೈ ಇಟ್ಟಿದ್ದೇನೋ. ಜ್ವರದ ಕೂಸು, ಪರೀಕ್ಷೆಗೆ ಹೋಗುವ ಹುಡುಗರು, ತವರಿಗೆ ಬಂದ ಬಸುರಿಯರು. ಅವರಿಗೂ ಗೊತ್ತು, ನನಗೂ ಗೊತ್ತು, ಅದು ಹರಸುವ ಕೈ. ಔಷಧಕ್ಕೆ ಉಮರ್ಗಾಕ್ಕೆ ಹೋಗಬೇಕು ಎಂದು ನಾನೇ ಹೇಳಿ ಕಳಿಸುತ್ತೇನೆ. ಈ ತಾಯಿ ಬಂದದ್ದು ಬರೀ ಆಶೀರ್ವಾದಕ್ಕಲ್ಲ. ಮೂಕನೊಬ್ಬ ಮಾತಾಡಿದನೆಂದು ಕೇಳಿ ಬಂದಿದ್ದಳು. ನನ್ನ ಕೈ ಎತ್ತಲು ಆಗಲಿಲ್ಲ.

"ನಾ ಮೂಕ ಇರ್ಲಿಲ್ಲಂತ ಹೇಳು" ಎಂದೆ. "ಗಂಟಲದ ಆಪರೇಶನ್ ಆಗಿತ್ತು, ಡಾಕ್ಟರ್ ಸುಮ್ಮ ಇರು ಅಂದಿದ್ದ, ಆರಾಮಾದ ಮ್ಯಾಲೂ ಇಂವಾ ಸುಳ್ಳೇ ಸುಮ್ಮ ಇದ್ದ ಅಂತ ಹೇಳು. ಒಂದೂ ಬಿಡಬ್ಯಾಡ."

"ಆಯಿ ಇಲ್ಲೇ ಕುಂತಾಳ, ಅಣ್ಣಾ."

"ಅದಕ್ಕ ಹೇಳು."

ತಂಗಿ ಹೇಳಿದಳು. ನನಗೆ ಆ ಭಾಷೆ ತಿಳಿಯದು, ಆದರೆ ತಾಯಿಯ ಮುಖದಲ್ಲಿ ಒಂದೊಂದು ಮಾತೂ ಕಾಣುತ್ತಿತ್ತು. ಆಕೆ ಬೈಯಲಿಲ್ಲ. ತಾನೇ ತಪ್ಪು ಮಾಡಿದಂತೆ ಕೆಂಪಾಗಿ, ಸೆರಗಿನಂಥ ಶಾಲನ್ನು ಎಳೆದುಕೊಂಡು ಎದ್ದಳು. ಮಗಳ ಬೆರಳನ್ನು ನನ್ನ ಸರದಿಂದ ಬಿಡಿಸಿದಳು. ತಿಂಡಿಯ ತಟ್ಟೆ ಅಲ್ಲೇ ಬಿಟ್ಟಳು. ತಂಗಿ ಬಾಗಿಲವರೆಗೆ ಹೋಗಿ ಬಂದಳು.

ಆಯಿ ಕುರ್ಚಿಯಲ್ಲೇ ಇದ್ದಳು. ನನ್ನ ಕಡೆ ತಿರುಗಿದಳು. ಒಂದೇ ಒಂದು ಮಾತು ಕೇಳಿದಳು. ತಂಗಿ ಅದನ್ನು ಕನ್ನಡಕ್ಕೆ ತರುವಾಗ ಆಕೆಯ ದನಿಯೂ ತಗ್ಗಿತ್ತು: "ನಾ ಕಲಸೋ ಮುಂದ ನಿನಗ ನಗಿ ಬರ್ತಿತ್ತಾ ಅಂತ ಕೇಳ್ತಾಳ."

"ಇಲ್ಲ" ಎಂದೆ. "ನಾಚಿಕಿ ಬರ್ತಿತ್ತು."

ಉತ್ತರ ಕೇಳಿ ಆಯಿ ಎದ್ದಳು. ಎಡಗೈಯಿಂದ ಕೋಲು ಹುಡುಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಮಧ್ಯಾಹ್ನಗಳಲ್ಲಿ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಊರಿಗೆ ಸುದ್ದಿ ಮುಟ್ಟಲು ಹೊತ್ತಾಗಲಿಲ್ಲ. ರೊಟ್ಟಿ ಅಂಗಡಿಯ ಹೆಂಗಸು ಮುಂಗೈ ತಟ್ಟುವುದನ್ನು ನಿಲ್ಲಿಸಿದಳು. ರೊಟ್ಟಿ ಕೊಟ್ಟು ಮುಂದಿನವರ ಕಡೆ ತಿರುಗುತ್ತಿದ್ದಳು. ಇಸ್ಪೀಟಿನ ಮುದುಕರಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ, ಇನ್ನೊಬ್ಬ ಕುರ್ಚಿ ಸರಿಸಲಿಲ್ಲ. ಕೆಲವರು ತಂಗಿಯ ಮಾತನ್ನೇ ನಂಬದೆ ಮೇಣದಬತ್ತಿ ಹಚ್ಚುತ್ತಲೇ ಇದ್ದರು. ನಾನು ಮೆಟ್ಟಿಲ ದಾರಿ ಬಿಟ್ಟು ಸುತ್ತುಹಾಕಿ ದಂಡೆಗೆ ಹೋಗತೊಡಗಿದೆ. ನನ್ನಿಂದ ತಂಗಿಯೂ ತಲೆ ತಗ್ಗಿಸಿ ಓಡಾಡುವಂತಾಯಿತು. ಆಕೆ ಆ ಊರಲ್ಲಿ ವರ್ಷಗಟ್ಟಲೆ ದುಡಿದು ಹೆಸರು ಗಳಿಸಿದವಳು. ಬೇಗ ಊರಿಗೆ ಹೋಗಿಬಿಡುತ್ತೇನೆ ಎಂದೆ. "ಹೋದ್ರ ಓಡಿ ಹೋದ ಅಂತಾರ. ಟಿಕೀಟ ಇದ್ದ ದಿನಾನೇ ಹೋಗು" ಎಂದಳು.

ಕೊನೆಯ ವಾರಗಳಲ್ಲಿ ಆಯಿ ಒಂದು ಸಂಜೆ ತಂಗಿಯ ಮೂಲಕ ಹೇಳಿಕಳಿಸಿದಳು: ಮಾತು ಬರುತ್ತದಲ್ಲ, ಬಂದು ತನ್ನ ಊರಿನ ಸುದ್ದಿ ಹೇಳಲಿ. ಹೋಗಿ ಎದುರಿಗೆ ಕೂತೆ. ತಂಗಿ ನಡುವೆ ಕೂತಳು. ಕಪ್ಪು ಮಣ್ಣಿನ ಹೊಲ, ತೊಗರಿ, ಜೋಳದ ಸುಗ್ಗಿ, ಹೆದ್ದಾರಿಯ ಢಾಬಾಗಳು, ಮನೆಯಿಂದ ಮನೆಗೆ ನನ್ನ ತಿರುಗಾಟ, ಎಲ್ಲ ಹೇಳಿದೆ. ಆಕೆ ಒಮ್ಮೆಯೂ ನಗಲಿಲ್ಲ, ಆದರೆ ಮರುಸಂಜೆ ಮತ್ತೆ ಕರೆದಳು. ಹೊರಡುವ ದಿನ ಬಾಗಿಲವರೆಗೆ ಬಂದು ಎಡಗೈ ಚಾಚಿದಳು. ನಾನು ಬಾಗಿ ಕಾಲು ಮುಟ್ಟಿದೆ. ಜಂಗಮನಾಗಿ ಹುಟ್ಟಿದ ಮೇಲೆ ಹೆತ್ತವರದು, ಗುರುಗಳದು ಬಿಟ್ಟು ಯಾರ ಕಾಲನ್ನೂ ನಾನು ಮುಟ್ಟಿದ್ದಿಲ್ಲ. ಆಕೆಗೆ ಅದರ ಅರ್ಥ ತಿಳಿಯಲಿಲ್ಲ. ಬೂಟಿನ ದಾರ ಬಿಚ್ಚಿದೆಯೇನೋ ಎಂದು ಕೆಳಗೆ ನೋಡಿದಳು.

ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿನಲ್ಲಿ ತಂಗಿಗೆ ಆ ಚಪ್ಪಾಳೆಯ ಸಂಗತಿ ಹೇಳಿದೆ. ಮೊದಲು ಕೂಗಲಿಲ್ಲ, ದನಿಯನ್ನೂ ಮರ್ಯಾದೆಯನ್ನೂ ನೋಡಿಕೊಂಡೆ ಎಂದೆ. ಆಕೆ ಕಿಟಕಿಯ ಹೊರಗೆ ನೋಡಿದಳು.

"ಆಯಿಗಿ ಹೇಳ್ಬೇಕಿತ್ತು" ಎಂದೆ.

"ಆಕೀಗಿ ಗೊತ್ತದ, ಅಣ್ಣಾ. ಬಿದ್ದಲ್ಲಿಂದ ಆಕಿ ನಿನ್ನ ಮಾರಿನೇ ನೋಡ್ಲಿಕತ್ತಿದ್ಳಲ್ಲ."



ಊರಿಗೆ ಬಂದ ಮೇಲೆ ನಾನು ಮೊದಲು ಹೋದದ್ದು ವಲಾಂಡಿ ಎಂಬ ಊರಿನ ಒಂದು ಹೊಸ ಮನೆಯ ಪೂಜೆಗೆ. ಅಂಗಳದ ತುಂಬ ಮಂದಿ. ಮನೆಯ ಹಿರಿಯ ಹೆಣ್ಣುಮಗಳು ನನ್ನ ಪಾದಕ್ಕೆ ನೀರು ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ಅಯ್ಯನೋರ ದನಿ ಹೋಗಿಬಿಟ್ಟಿತ್ತು ನೋಡ್ರಿ. ಸಮುದ್ರದ ದಂಡಿಗಿ ಕುಂತು ಮೌನದ ತಪ ಮಾಡ್ಯಾರ. ದೇವ್ರು ದನಿ ತಿರುಗಿ ಕೊಟ್ಟಾನ."

ಕಾಲು ಹಿಂದಕ್ಕೆ ಎಳೆದುಕೊಂಡೆ. "ತಪ ಇಲ್ಲವ್ವಾ, ಏನಿಲ್ಲ. ಲಾತೂರ ಡಾಕ್ಟರ್ ಕೊಟ್ಟಾನ. ನಾ ಅಲ್ಲಿ ಸುಳ್ಳ ಹೇಳ್ಕೋತ ಕುಂತಿದ್ದೆ."

ಅಂಗಳವೆಲ್ಲ ನಕ್ಕಿತು. "ನೋಡ್ರಿ, ದೊಡ್ಡೋರ ಮಾತು ಹಿಂಗ ಇರ್ತಾವ" ಎಂದು ಆಕೆ ಕೈಮುಗಿದಳು. ಮನೆಯವರು ಪೂಜೆಗೆ ಹೊತ್ತಾಯಿತೆಂದು ಅವಸರ ಮಾಡಿದರು. ನಾನು ಮಣೆಯ ಮೇಲೆ ಕೂತು, ಬಿಸಿಯೇರಿದ ಮುಖವನ್ನು ಕಳಸದ ಕಡೆ ತಿರುಗಿಸಿ, ಮಂತ್ರ ಶುರು ಮಾಡಿದೆ.